ದೀಪ ಹಚ್ಚಿದ ಮೇಲಿನ ತುತ್ತು

ಸರೋಜಾ, ನಾನು ಯಾವ ದೇವರಿಗೂ ಹರಕೆ ಹೊತ್ತಿರಲಿಲ್ಲ. ಹೊತ್ತಿದ್ದೇನೆ ಎಂದು ನಿಮ್ಮಣ್ಣನಿಗೆ ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ ಅವರು ಒಂಬತ್ತು ವರ್ಷ ದೀಪ ಹಚ್ಚಿದ ಮೇಲೆ ಅನ್ನ ಮುಟ್ಟಲಿಲ್ಲ. ಆ ಸುಳ್ಳಿನಿಂದಲೇ ಒಂಬತ್ತು ವರ್ಷ ಗಟ್ಟಿಯಾಗಿ ಬದುಕಿದರು — ಇದನ್ನು ನಾನು ತಲೆ ಎತ್ತಿಯೇ ಹೇಳುತ್ತೇನೆ. ನಿಮ್ಮಮ್ಮ ಕೊನೆಯ ಸಾರಿ ಮಗನ ಬಾಯಿಗೆ ಹಿಡಿದ ತುತ್ತು ವಾಪಸ್ಸು ಬಟ್ಟಲಿಗೆ ಹೋಗಿದ್ದೂ ಅದೇ ಸುಳ್ಳಿನಿಂದ. ಅದನ್ನು ಹೇಳುವಾಗ ಮಾತ್ರ ತಲೆ ಏಳುವುದಿಲ್ಲ.

ನಿಮ್ಮಣ್ಣ ಹೋಗಿ ಐದು ತಿಂಗಳಾಯಿತು. ಹಾಲು-ತುಪ್ಪದ ದಿನ ನೀನು ಹೊಸದುರ್ಗದಿಂದ ಬಂದೆ, ನಮ್ಮ ಮನೆಯ ನೀರು ಕೂಡ ಮುಟ್ಟದೆ ಹೊರಟೆ. ಹೊರಡುವಾಗ ಬಾಗಿಲ ಬಳಿ ಕೂತಿದ್ದವರಿಗೆ ಹೇಳಿದೆ: "ಆಯುಸ್ಸು ಗಟ್ಟಿ ಮಾಡ್ಕಣಾಕೆ ಹೆತ್ತ ತಾಯಿ ತುತ್ತು ಬ್ಯಾಡ ಅಂದೋನು. ಎಷ್ಟು ಗಟ್ಟಿ ಆಯ್ತು ನೋಡ್ರಿ." ನಾನು ಒಳಗೆ ಗೋಡೆಗೆ ಒರಗಿ ಕೂತಿದ್ದೆ. ಎಲ್ಲ ಕೇಳಿಸಿತು. ಆಗಲೇ ಎದ್ದು ಬಂದು ಹೇಳಬೇಕಿತ್ತು. ಕಾಲು ಬರಲಿಲ್ಲ — ಇಲ್ಲ, ಕಾಲಿನ ಮೇಲೆ ಯಾಕೆ ಹಾಕಲಿ. ನಾನು ಏಳಲಿಲ್ಲ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಒಂದು ಬಿಟ್ಟರೆ ಇನ್ನೊಂದು ಅರ್ಥವಾಗುವುದಿಲ್ಲ.

ಮದುವೆ ಅಡುಗೆಯವರ ಹೊಟ್ಟೆಗೆ ಹೊತ್ತು ಅನ್ನುವುದೇ ಇರುವುದಿಲ್ಲ. ಊರಿಗೆಲ್ಲ ಬಡಿಸಿ, ಪಾತ್ರೆ ಎಣಿಸಿ ಕೊಟ್ಟು, ಹನ್ನೆರಡು ಗಂಟೆಗೆ ನಿಮ್ಮಣ್ಣ ಉಣ್ಣಲು ಕೂರುತ್ತಿದ್ದರು. ಉಳಿದ ಲಾಡು, ಆರಿದ ಪಲಾವು, ಮೇಲೆ ತುಪ್ಪ. ಉಂಡ ಎಲೆಯ ಪಕ್ಕದಲ್ಲೇ ಒರಗಿ ನಿದ್ದೆ. ನಲವತ್ತೆಂಟಕ್ಕೆ ಸಕ್ಕರೆ ಕಾಯಿಲೆ, ಅದರ ಹಿಂದೆಯೇ ಬಿ.ಪಿ. ಹೊಟ್ಟೆ ಎಷ್ಟು ಬೆಳೆದಿತ್ತೆಂದರೆ ಸೊಂಟದ ಉಡಿದಾರ ಮಾಂಸದೊಳಗೆ ಹೂತು, ಸ್ನಾನ ಮಾಡಿಸುವಾಗ ಬೆರಳಿನಿಂದ ಹುಡುಕಬೇಕಾಗಿತ್ತು. ಒಂದು ದಿನ ಅನ್ನದ ಕೊಳಗ ಇಳಿಸಿದವರು ಎದೆ ಹಿಡಿದುಕೊಂಡು ಕೂತುಬಿಟ್ಟರು.

ಹಿರಿಯೂರಿನ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿಸಿದರು. ಈ ಸಾರಿ ಆಗಿದ್ದು ಹೃದಯಾಘಾತ ಅಲ್ಲ, ಆದರೆ ದಾರಿ ಅತ್ತಲೇ ಇದೆ ಎಂದರು. ಲಿವರಿನಲ್ಲಿ ಕೊಬ್ಬು, ರಕ್ತದಲ್ಲಿ ಕೊಬ್ಬು. ಆಮೇಲೆ ಇವರ ಕೆಲಸ ಏನೆಂದು ಕೇಳಿ, ಒಂದು ಪ್ರಶ್ನೆ ಹಾಕಿದರು.

"ಹಗಲೂ ರಾತ್ರಿ ಒಲೆ ಆರಿಸದೇ ಇದ್ರೆ ಪಾತ್ರೆ ಏನಾಗ್ತದ್ರೀ?"

"ತಳ ಹಿಡೀತೈತೆ ಮೇಡಂ."

"ನಿಮ್ಮ ಒಳಗೂ ಅದೇ ಆಗ್ತಿರೋದು. ಸಂಜೆ ಆರರೊಳಗೆ ಊಟ ಮುಗಿಸಿ. ಬೆಳಿಗ್ಗೆ ಎಂಟರವರೆಗೆ ಒಲೆ ಆರಿರ್ಲಿ. ಶುರು ಮಾಡೋ ಮುಂಚೆ ಮಾತ್ರ ನನ್ನ ಹತ್ರ ಬನ್ನಿ, ಮಾತ್ರೆ ಬದಲಾಯಿಸ್ಬೇಕು."

ಆಸ್ಪತ್ರೆ ಮೆಟ್ಟಿಲು ಇಳಿಯುವ ಮೊದಲೇ ನಿಮ್ಮಣ್ಣ ನಕ್ಕುಬಿಟ್ಟರು. "ಅಡುಗೆಯೋನು ಸಂಜೆಗೇ ಬಾಯಿ ಕಟ್ಕಂಡ್ರೆ ಸಾರಿನ ಉಪ್ಪು ನೋಡೋರು ಯಾರು? ನಿಮ್ಮಪ್ಪನ ಕರೆಸ್ತೀಯ?"

ನಾನು ಬೇಡಿಕೊಂಡೆ, ಬೈದೆ, ಮಾತು ಬಿಟ್ಟೆ. ಅತ್ತೆ ಆಗ ನಮ್ಮ ಜೊತೆಯೇ ಇದ್ದರು. ಎಷ್ಟೇ ಹೊತ್ತಾದರೂ ಮಗನ ತಟ್ಟೆ ಕಾದುಕೊಂಡು ಕೂತಿರುತ್ತಿದ್ದರು. ನಾನು ತಟ್ಟೆ ತೆಗೆದಿಡಲು ಹೋದರೆ, "ನನ್ನ ಮಗ ಉಂಡ್ರೆ ನಿಂಗ್ಯಾಕೆ ಹೊಟ್ಟೆಕಿಚ್ಚೇ?" ಎನ್ನುತ್ತಿದ್ದರು. ಇಪ್ಪತ್ತು ವರ್ಷ ಆ ತಟ್ಟೆಯ ಮೇಲೆ ನಮ್ಮಿಬ್ಬರಿಗೂ ಜಗಳ. ಗೆದ್ದವರು ಯಾವಾಗಲೂ ಅವರೇ. ಈ ಮಾತನ್ನು ನೆನಪಿಟ್ಟುಕೋ ಸರೋಜಾ, ನನ್ನ ತಪ್ಪಿನ ಬೇರು ಇಲ್ಲಿದೆ.

ಅದೇ ಹೊತ್ತಿಗೆ ನಮ್ಮ ಸುಮಾಳ ಹೆರಿಗೆ. ಎಂಟನೇ ತಿಂಗಳಲ್ಲೇ ಬಿ.ಪಿ. ಏರಿ ಅವಳನ್ನು ದುರ್ಗದ ಆಸ್ಪತ್ರೆಗೆ ಸೇರಿಸಿದ್ದು, ತಾಯಿ ಮಗು ಇಬ್ಬರ ಮೇಲೂ ಆಸೆ ಬಿಟ್ಟಿದ್ದು ನಿನಗೆ ಗೊತ್ತು. ಇಬ್ಬರೂ ಉಳಿದರು. ಅಂಗೈಯಗಲದ ಹೆಣ್ಣು ಮಗುವನ್ನು ಗಾಜಿನಿಂದಾಚೆ ನೋಡುತ್ತ ನಿಮ್ಮಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಪಕ್ಕದಲ್ಲಿ ನಿಂತಿದ್ದೆ. ಯೋಚಿಸಿ ಮಾಡಿದ್ದಲ್ಲ ಎಂದು ಬರೆಯಲು ಹೊರಟಿದ್ದೆ — ಅದೂ ಸುಳ್ಳು. ಎರಡು ದಿನದಿಂದ ಯೋಚಿಸಿದ್ದೆ.

"ನಾನು ಹರಕೆ ಹೊತ್ತಿದ್ದೆ ರೀ," ಎಂದೆ. "ಇಬ್ರೂ ಉಳಿದ್ರೆ ಮಗೀನ ತಾತ ಬದುಕಿರೋವರೆಗೂ ದೀಪ ಹಚ್ಚಿದ ಮೇಲೆ ಅನ್ನ ಮುಟ್ಟಲ್ಲ ಅಂತ. ಮುರಿದ್ರೆ ಮಗೀನ ಮೇಲೆ ಬರ್ತೈತೆ. ಯಾರಿಗೂ ಹೇಳಂಗೂ ಇಲ್ಲ."

ಅವರು ಟವೆಲು ತೆಗೆದು ನನ್ನನ್ನು ನೋಡಿದರು. "ಬಾಯಿ ನಂದು, ಹರಕೆ ನಿಂದಾ? ನಿನ್ನ ಬಾಯಿ ಮೇಲೆ ಹೊತ್ಕಬಾರ್ದಾಗಿತ್ತಾ?" ಎಂದು ಅಳುತ್ತಲೇ ನಕ್ಕರು. ಆಮೇಲೆ, "ಆಗ್ಲಿ ಬಿಡು. ಮಗೀಗೆ ತಾನೆ," ಎಂದರು.

ಅಷ್ಟೇ. ತನ್ನ ಜೀವಕ್ಕಾಗಿ ಒಂದು ಲಾಡು ಬಿಡದ ಮನುಷ್ಯ ಮೊಮ್ಮಗಳಿಗಾಗಿ ಅವತ್ತೇ ಸಂಜೆ ಬಾಯಿ ಕಟ್ಟಿದರು. ಯಾರಿಗೂ ಹೇಳಬಾರದು ಎಂಬ ಷರತ್ತನ್ನು ಯಾಕೆ ಹಾಕಿದೆ ಗೊತ್ತೇ? ಅತ್ತೆಯ ಕಿವಿಗೆ ಬಿದ್ದರೆ, ಯಾವ ಗುಡಿ, ಯಾವ ಪೂಜಾರಿ, ಯಾವ ವಾರ ಎಂದು ಕೇಳುತ್ತಿದ್ದರು. ಅದಕ್ಕೇ ಇವರು ಎಲ್ಲರಿಗೂ, "ಸಕ್ಕರೆ ಐತಲ್ಲ, ಡಾಕ್ಟ್ರು ಬ್ಯಾಡ ಅಂದೌರೆ," ಎಂದೇ ಹೇಳಿದರು. ನಿಮ್ಮಮ್ಮನಿಗೂ ಹಾಗೇ ಹೇಳಿದರು. ನಿನಗೂ.

ಮೊದಮೊದಲು ಬಹಳ ಕಷ್ಟಪಟ್ಟರು. ನೂರಾರು ಜನರಿಗೆ ಬೇಯಿಸುತ್ತ ತಾವು ಒಂದು ಅಗುಳು ಮುಟ್ಟದೆ ನಿಲ್ಲಬೇಕಿತ್ತು. ಆದರೆ ತಿಂಗಳು ಕಳೆಯುವಷ್ಟರಲ್ಲಿ ಕುದಿಯುವ ಸಾರಿನ ಹಬೆಗೆ ಮುಖ ಒಡ್ಡಿ ಉಪ್ಪು ಹೆಚ್ಚೋ ಕಮ್ಮಿಯೋ ಹೇಳುವುದನ್ನು ಕಲಿತುಬಿಟ್ಟರು. ಪಾತ್ರೆ ಶಾಮಿಯಾನ ಬಾಡಿಗೆಗೆ ಕೊಡುವ ಬಾಷಾ ಸಾಬರು ಅದನ್ನು ನೋಡಿ, "ತಿಪ್ಪೇಸಣ್ಣ, ನಮ್ದು ಹಗಲು ರೋಜಾ, ನಿಮ್ದು ರಾತ್ರಿ ರೋಜಾ. ಇಬ್ರೂ ಸೇರಿದ್ರೆ ದೇವ್ರಿಗೆ ಪೂರಾ ಒಂದಿನ ಸಿಗ್ತೈತೆ," ಎಂದು ಎಲ್ಲರನ್ನೂ ನಗಿಸುತ್ತಿದ್ದರು.

ಒಂದು ಸಂಜೆ ಆ ಬಾಷಾ ಸಾಬರೇ ಇಲ್ಲದಿದ್ದರೆ — ನನ್ನ ಸುಳ್ಳು ನಿಮ್ಮಣ್ಣನನ್ನು ಕೊಂದೇಬಿಡುತ್ತಿತ್ತು. ಶುರು ಮಾಡುವ ಮುಂಚೆ ಬಂದು ಹೇಳಿ ಎಂದು ಡಾಕ್ಟರಮ್ಮ ಹೇಳಿದ್ದರಲ್ಲ, ನಾನು ಹೋಗಿರಲಿಲ್ಲ. ಯಾರಿಗೂ ಹೇಳಬಾರದು ಎಂದು ಗಂಡನ ಬಾಯಿಗೆ ಬೀಗ ಹಾಕಿದವಳು, ಒಲ್ಲೆ ಎಂದವರು ಈಗ ಹೇಗೆ ಒಪ್ಪಿದರು ಎಂದು ಡಾಕ್ಟರಮ್ಮ ಕೇಳಿದರೆ ಹೇಗೆ ಬಾಯಿ ಬಿಡಲಿ? ರಾತ್ರಿಯ ಮಾತ್ರೆಯನ್ನು ಇವರು ಎಂದಿನಂತೆ ಸಂಜೆ ಏಳಕ್ಕೆ ನುಂಗುತ್ತಲೇ ಇದ್ದರು, ಮೇಲೆ ಅನ್ನ ಬೀಳುತ್ತಿರಲಿಲ್ಲ. ಅವತ್ತು ಹಿರಿಯೂರಿನ ಒಂದು ಛತ್ರದಲ್ಲಿ ನಾನು ಪಕ್ಕದಲ್ಲೇ ತರಕಾರಿ ಹೆಚ್ಚುತ್ತಿದ್ದೆ, ಒಲೆಯ ಮುಂದೆ ನಿಂತವರ ಅಂಗಿ ಬೆವರಿನಿಂದ ಒದ್ದೆಯಾಯಿತು. ಸೌಟು ಕೈಯಿಂದ ಜಾರಿತು. ಮಾತು ತೊದಲಿತು.

"ಸಕ್ಕರೆ ಇಳಿದೈತೆ ಅಕ್ಕ, ಬಾಯಿಗೆ ಬೆಲ್ಲ ಹಾಕ್ರಿ ಬೇಗ," ಎಂದು ಬಾಷಾ ಸಾಬರು ಕೂಗಿದರು. "ರೋಜಾದಾಗೆ ನಮ್ಮಣ್ಣಂಗೂ ಹಿಂಗೇ ಆಗಿತ್ತು."

ಬೆಲ್ಲದ ನೀರು ಕಲಸಿ ತುಟಿಗೆ ಹಿಡಿದೆ. ಅವರು ಹಲ್ಲು ಕಚ್ಚಿಕೊಂಡರು. ಕಣ್ಣು ಮೇಲೆ ಹೋಗುತ್ತಿತ್ತು, ಆದರೂ ತಲೆ ಅಲ್ಲಾಡಿಸಿದರು. "ಮಗು," ಎಂದರು, "ಮಗು." ಅಷ್ಟೇ ಅರ್ಥವಾಗಿದ್ದು. ಎಲ್ಲ ಸುಳ್ಳು ರೀ ಎಂದು ಕಿರುಚಬೇಕಿತ್ತು. ಕಿರುಚಲಿಲ್ಲ. ಅವರ ಕಿವಿಯ ಹತ್ತಿರ ಬಾಗಿ, "ಇದು ತೀರ್ಥ ರೀ, ಗುಡಿಯಿಂದ ತಂದಿದ್ದು. ತೀರ್ಥಕ್ಕೆ ಹರಕೆ ತಟ್ಟಲ್ಲ," ಎಂದೆ. ಬಾಯಿ ತೆರೆದರು. ಮಗು ಹಾಲು ಕುಡಿದಂತೆ ಕುಡಿದರು.

ಮರುದಿನ ಡಾಕ್ಟರಮ್ಮನಿಗೆ ಹರಕೆಯ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಅವರು ಬೈದದ್ದು ಇನ್ನೂ ಕಿವಿಯಲ್ಲಿದೆ. "ಊಟ ಬಿಡೋದು ಮದ್ದೇ. ಮಾತ್ರೆ ತಗೊಳ್ಳೋರು ಕೇಳ್ದೆ ಬಿಟ್ರೆ ಅದೇ ವಿಷ," ಎಂದರು. ರಾತ್ರಿಯ ಮಾತ್ರೆ ತೆಗೆಸಿದರು, ಬೆಳಗಿನದನ್ನು ಬದಲಿಸಿದರು. ನಿನಗೂ ಈಚೆಗೆ ಸಕ್ಕರೆ ಕಾಣಿಸಿಕೊಂಡಿದೆ ಎಂದು ಸುಮಾ ಹೇಳಿದಳು. ಅಣ್ಣನನ್ನು ನೋಡಿ ನೀನು ಸುಮ್ಮನೆ ಊಟ ಬಿಡಬೇಡ ಸರೋಜಾ. ಮೊದಲು ಡಾಕ್ಟರನ್ನು ಕೇಳು. ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಈ ಒಂದು ಮಾತು ಕೇಳು.

ಅಲ್ಲಿಂದ ಮುಂದಿನದನ್ನು ಬರೆಯುವಾಗ ಈಗಲೂ ಎದೆ ಉಬ್ಬುತ್ತದೆ. ಮೊದಲು ನಿದ್ದೆ ಸರಿಹೋಯಿತು. ರಾತ್ರಿ ಎದೆಯುರಿ ಎಂದು ಎದ್ದು ಕೂರುತ್ತಿದ್ದವರು ಬೆಳಗಿನ ಐದರವರೆಗೆ ಅಲುಗಾಡದೆ ಮಲಗತೊಡಗಿದರು. ಆರು ತಿಂಗಳಿಗೆ ಉಡಿದಾರ ಸಡಿಲಾಗಿ ಸೊಂಟದಿಂದ ಜಾರಿತು, ಎರಡು ಸಾರಿ ಬಿಗಿಮಾಡಿ ಗಂಟು ಹಾಕಿದೆ. ಬಿ.ಪಿ. ಇಳಿಯಿತು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಹತೋಟಿಗೆ ಬಂತು. ಎರಡು ವರ್ಷಕ್ಕೆ ಮಾತ್ರೆಗಳಲ್ಲಿ ಒಂದೇ ಉಳಿಯಿತು. ಎದೆಯ ಸ್ಕ್ಯಾನ್ ನೋಡಿ ಡಾಕ್ಟರಮ್ಮ, "ಏನ್ರೀ ಇದು, ಹೊಸಾದು ಹಾಕಿಸ್ಕೊಂಡ್ರಾ?" ಎಂದು ನಕ್ಕರು. ಮಂತ್ರವೇನಿಲ್ಲ, ಉಣ್ಣುವ ಹೊತ್ತು ಕಿರಿದಾದರೆ ಉಣ್ಣುವುದೂ ಕಮ್ಮಿಯಾಗುತ್ತದೆ, ಮೈಗೆ ಸುಧಾರಿಸಿಕೊಳ್ಳಲು ಬಿಡುವು ಸಿಗುತ್ತದೆ, ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಹೇಳಲಾಗದು ಎಂದರು. ಮನೆಗೆ ಬರುವ ದಾರಿಯಲ್ಲಿ ನಿಮ್ಮಣ್ಣ, "ಮೊಮ್ಮಗಳೇ ನಂಗೆ ಮದ್ದು ಕಣೇ," ಎಂದರು. ನಾನು ಒಳಗೊಳಗೇ ಕುಣಿಯುತ್ತಿದ್ದೆ.

ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷ ಜನ ಜಾತ್ರೆಯಂತೆ ಸೇರಿದರಲ್ಲ, ಅಲ್ಲಿ ಯಾರೋ ಅನ್ನಸಂತರ್ಪಣೆ ಇಟ್ಟುಕೊಂಡು ಅಡುಗೆಗೆ ನಮ್ಮನ್ನು ಕರೆದಿದ್ದರು. ಅಣೆಕಟ್ಟಿನ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು, ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಮ್ಮಣ್ಣ ನಿಲ್ಲದೆ ಹತ್ತಿದರು. ಏದುಸಿರು ಬಿಟ್ಟವಳು ನಾನು. ಮೇಲೆ ನಿಂತು, "ಏನಮ್ಮಣ್ಣಿ, ಹರಕೆ ನಿಂಗೂ ಬೇಕೇನು?" ಎಂದು ಕೆಣಕಿದರು. ಕೆಳಗೆ ನೀರು ಬೋರ್ಗರೆಯುತ್ತಿತ್ತು, ಮಗು ಕೇಕೆ ಹಾಕುತ್ತಿತ್ತು, ನನ್ನ ಗಂಡ ಐವತ್ತನಾಲ್ಕನೇ ವಯಸ್ಸಿನಲ್ಲಿ ಮೂವತ್ತರವರಂತೆ ನಿಂತಿದ್ದರು. ಗೆದ್ದೆ ಎಂದುಕೊಂಡೆ. ಸಾವನ್ನು, ಸಕ್ಕರೆಯನ್ನು, ಆ ತಟ್ಟೆಯನ್ನು — ಎಲ್ಲವನ್ನೂ ಗೆದ್ದೆ. ಅವತ್ತಿನ ನನ್ನ ಸಂತೋಷವನ್ನು ನಾನು ಇವತ್ತಿಗೂ ತಪ್ಪು ಎನ್ನಲಾರೆ.

ತಪ್ಪು ಆಗಿದ್ದು ಅದರ ಮರುವರ್ಷ, ನಿನ್ನ ಮನೆಯಲ್ಲಿ.

ಅತ್ತೆ ನಮ್ಮನ್ನು ಬಿಟ್ಟು ಆಗಲೇ ಹೊಸದುರ್ಗಕ್ಕೆ ಬಂದಿದ್ದರು. "ನಾನಿಟ್ಟಿದ್ದು ಮಗ ಉಣ್ಣಲ್ಲ, ಅಲ್ಲಿದ್ದು ಏನ್ಮಾಡ್ಲಿ," ಎಂದು ನಿನಗೆ ಹೇಳಿದ್ದರಂತೆ. ಅವರು ಹಾಸಿಗೆ ಹಿಡಿದ ಸುದ್ದಿ ಬಂದಾಗ ನಾವಿಬ್ಬರೂ ಓಡಿ ಬಂದೆವು. ಸಂಜೆಯಾಗಿತ್ತು. ನೀನು ದೇವರಿಗೆ ದೀಪ ಹಚ್ಚಿ, ಆಮೇಲೆ ಅಮ್ಮನಿಗೆ ಹಾಲನ್ನ ಕಲಸಿ ತಂದೆ. ಎರಡು ದಿನದಿಂದ ಏನೂ ತಿನ್ನದವರು ಮಗನನ್ನು ಕಂಡು ಎದ್ದು ಒರಗಿ ಕೂತರು. ಎರಡು ತುತ್ತು ನಿನ್ನ ಕೈಯಿಂದ ತಿಂದರು. ಮೂರನೆಯದನ್ನು ತಾವೇ ಬೆರಳಲ್ಲಿ ಕಟ್ಟಿ ನಿಮ್ಮಣ್ಣನ ಕಡೆ ಚಾಚಿದರು.

"ಬಾರಪ್ಪ, ನನ್ನ ಕೈಯಾಗೆ ಒಂದು ತುತ್ತು ತಿನ್ನು. ಇನ್ನು ಯಾವಾಗ್ಲೋ."

ನಿಮ್ಮಣ್ಣ ದೀಪದ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಸರೋಜಾ, ಆ ನೋಟವನ್ನು ನೀನು ಕಾಣಲಿಲ್ಲ, ನೀನು ಅಮ್ಮನ ಬೆನ್ನಿಗೆ ದಿಂಬು ಸರಿಸುತ್ತಿದ್ದೆ. ಅವರು ನನ್ನನ್ನು ಕೇಳುತ್ತಿದ್ದರು. ಬೇಡುತ್ತಿದ್ದರು. ದಾರಿ ಏನಾದರೂ ಇದೆಯಾ ಎಂದು.

ದಾರಿ ಇತ್ತು. ಛತ್ರದಲ್ಲಿ ಬೆಲ್ಲದ ನೀರನ್ನು ತೀರ್ಥ ಎಂದವಳು ನಾನೇ ಅಲ್ಲವೇ? "ಅಮ್ಮನ ಕೈ ಪ್ರಸಾದ ಇದ್ದಂಗೆ, ತಿನ್ರಿ" — ಇಷ್ಟು ಹೇಳಿದ್ದರೆ ಸಾಕಿತ್ತು. ತಲೆಯಾಡಿಸಿದ್ದರೂ ಸಾಕಿತ್ತು. ಒಂದು ತುತ್ತು ಹಾಲನ್ನದಿಂದ ಯಾವ ಹೃದಯವೂ ಒಡೆಯುವುದಿಲ್ಲ. ಒಂದು ಸಾರಿ ಮುರಿದರೆ ಎಲ್ಲ ಮುರಿದೀತು ಎಂದು ಹೆದರಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸ್ವಲ್ಪ ನಿಜ. ಪೂರಾ ನಿಜ ಇದು — ಇಪ್ಪತ್ತು ವರ್ಷ ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡ ಆ ಕೈ ಈಗ ಚಾಚಿ ನಿಂತಿದೆ, ಮಗ ನನ್ನ ಮುಖ ನೋಡುತ್ತಿದ್ದಾನೆ. ಆ ಒಂದು ಗಳಿಗೆ ನನಗೆ ಹಿತವಾಗಿತ್ತು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ.

"ದೀಪ ಹಚ್ಚಾಗೈತಲ್ಲಮ್ಮ," ಎಂದರು ನಿಮ್ಮಣ್ಣ. "ಬೆಳಿಗ್ಗೆ ತಿಂತೀನಿ. ಬೆಳಿಗ್ಗೆ ನಿನ್ನ ಕೈಯಾಗೇ ತಿಂತೀನಿ."

ಅತ್ತೆಯ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಹಾಲು ಮೊಣಕೈವರೆಗೆ ಇಳಿಯಿತು. ಆಮೇಲೆ ತುತ್ತನ್ನು ಬಟ್ಟಲಿಗೆ ಹಾಕಿ ಗೋಡೆಯ ಕಡೆ ತಿರುಗಿ ಮಲಗಿದರು. ಬೆಳಗಾಗುವುದರೊಳಗೆ ಹೋಗಿಬಿಟ್ಟಿದ್ದರು.

ಅವತ್ತು ನೀನು ಬೀದಿಯ ಜನರೆಲ್ಲ ಕೇಳುವಂತೆ ಕೂಗಿದೆ: "ಹೆತ್ತವಳ ತುತ್ತಿಗಿಂತ ನಿನ್ನ ಸಕ್ಕರೆ ಕಾಯಿಲೆ ದೊಡ್ಡದೇನೋ?" ನಿಮ್ಮಣ್ಣ ತಲೆ ತಗ್ಗಿಸಿ ನಿಂತಿದ್ದರು. ಹರಕೆ ಎಂದು ಒಂದು ಮಾತು ಹೇಳಿದ್ದರೆ ನೀನೇ ಅವರನ್ನು ಅಪ್ಪಿಕೊಳ್ಳುತ್ತಿದ್ದೆ. ಹೇಳಲಿಲ್ಲ. ಹೇಳಿದರೆ ಮಗುವಿನ ಮೇಲೆ ಬರುತ್ತದಲ್ಲ. ತಂಗಿ ದೂರವಾದರೂ ಸರಿ ಎಂದು ನಿಂತರು. ನಾನು ಅವರ ಹಿಂದೆ, ಸೆರಗು ಬಾಯಿಗಿಟ್ಟುಕೊಂಡು, ಜನ ನೋಡಲೆಂದು ಅಳುತ್ತಿದ್ದೆ.

ಹಿರಿಯೂರಿಗೆ ವಾಪಸ್ಸು ಬರುವ ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ ಮಾತು. "ಸರಿ ಮಾಡಿದ್ನಾ?"

"ಸರಿಯಾಗೇ ಮಾಡಿದ್ರಿ," ಎಂದೆ.

ಆಮೇಲೆ ಹಗಲಲ್ಲೂ ಅವರು ಹಾಲನ್ನ ಮುಟ್ಟಲಿಲ್ಲ. ನೀನು ಫೋನು ಎತ್ತಲಿಲ್ಲ, ಅವರು ಪ್ರತಿ ಹಬ್ಬಕ್ಕೂ ಮಾಡುವುದನ್ನು ಬಿಡಲಿಲ್ಲ. ಹೇಳಲು ನನಗೆ ಸಾವಿರ ಹಗಲುಗಳಿದ್ದವು. ಹೇಳಿದರೆ ಮತ್ತೆ ರಾತ್ರಿ ಊಟಕ್ಕೆ ಕೂತಾರು ಎಂಬ ಭಯ ಒಂದು, ನನ್ನ ಮುಖ ನೋಡಲಾರರು ಎಂಬ ಭಯ ಇನ್ನೊಂದು. ಎರಡನೆಯದೇ ದೊಡ್ಡದು.

ಕೊನೆಗೆ ಅವರನ್ನು ಕೊಂಡೊಯ್ದದ್ದು ಸಕ್ಕರೆಯೂ ಅಲ್ಲ, ಎದೆಯೂ ಅಲ್ಲ. ಬೆಳಗಿನ ಹೊತ್ತು ಹೆದ್ದಾರಿ ದಾಟುವಾಗ ಗುದ್ದಿದ ಗಾಡಿ. ತಲೆಗೆ ಬಿದ್ದ ಪೆಟ್ಟಿಗೆ ಜ್ಞಾನ ಬರಲೇ ಇಲ್ಲ. ಮೂರು ದಿನ ಆಸ್ಪತ್ರೆಯ ಆ ಯಂತ್ರದಲ್ಲಿ ಗೆರೆ ಒಂದೇ ಸಮ ಏರುತ್ತಿತ್ತು, ಇಳಿಯುತ್ತಿತ್ತು. "ಈ ವಯಸ್ಸಿಗೆ ಇಂಥಾ ಹಾರ್ಟ್ ಅಪರೂಪ ಕಣಮ್ಮ," ಎಂದರು ಅಲ್ಲಿನ ಡಾಕ್ಟರು, ಪಾಪ, ಸಮಾಧಾನಕ್ಕೆ. ನಾನು ಅಳುತ್ತಲೇ ಹೆಮ್ಮೆಪಟ್ಟೆ. ಆ ಎದೆ ನಾನು ಕಾಯ್ದ ಎದೆ. ಯಾರು ಏನೇ ಅನ್ನಲಿ, ಅದನ್ನು ನನ್ನಿಂದ ಯಾರೂ ಕಸಿಯಲಾರರು. ಅದೇ ಎದೆಯೊಳಗೆ ಒಂದು ಕಲ್ಲನ್ನೂ ಇಟ್ಟವಳು ನಾನೇ ಎಂಬುದನ್ನೂ ಯಾರೂ ಕಸಿಯಲಾರರು.

ಹೋದ ವಾರ ಸುಮಾಳಿಗೆ ಎಲ್ಲ ಹೇಳಿದೆ. "ನನ್ನ ಮಗಳ ಜೀವದ ಮೇಲೆ ಆಣೆ ಇಟ್ಟು ಆಟ ಆಡಿದ್ಯಾ?" ಎಂದಳು. ಅಂದಿನಿಂದ ಮಾತಾಡಿಲ್ಲ. ಮಾತಾಡು ಎಂದು ನಾನೂ ಕೇಳಿಲ್ಲ. ನೀನೂ ಆಡಬೇಕಿಲ್ಲ. ನನ್ನನ್ನು ಕ್ಷಮಿಸು ಎಂದು ಇದನ್ನು ಬರೆದಿಲ್ಲ ಸರೋಜಾ. ನಿಮ್ಮಣ್ಣನ ಮೇಲೆ ನೀನು ಇಟ್ಟುಕೊಂಡಿರುವ ಸಿಟ್ಟು ನನಗೆ ಸೇರಬೇಕಾದ್ದು, ಅದನ್ನು ನನಗೆ ಕೊಟ್ಟುಬಿಡು ಎಂದು ಕೇಳಲು ಬರೆದಿದ್ದೇನೆ.

ಈ ಕಾಗದ ನಿನ್ನ ಕೈ ಸೇರಿದ ಮೇಲೆ ಬರುವ ಸೋಮವಾರ ಬೆಳಗಿನ ಬಸ್ಸಿಗೆ ಹೊಸದುರ್ಗಕ್ಕೆ ಬರುತ್ತೇನೆ. ಬಾಗಿಲು ತೆರೆಯಲೇಬೇಕೆಂದಿಲ್ಲ. ನೀನು ಕೂಗಿದ್ದು ಬೀದಿಯಲ್ಲಿ, ನಾನು ಹೇಳಬೇಕಾದದ್ದೂ ಬೀದಿಯಲ್ಲೇ. ಮೂವತ್ತು ವರ್ಷ ಬಾಯಲ್ಲಿ ತಾರದ ಗಂಡನ ಹೆಸರು ಹಿಡಿದು ಹೇಳುತ್ತೇನೆ. ಆವತ್ತು ಕೇಳಿದ ಅಕ್ಕಪಕ್ಕದವರೆಲ್ಲ ಹೊರಗೆ ಬಂದು ಕೇಳಲಿ — ತಿಪ್ಪೇಸ್ವಾಮಿ ತಾಯಿಯ ತುತ್ತು ಬೇಡ ಅನ್ನಲಿಲ್ಲ. ಬೇಡ ಅಂದವಳು ನಾನು.